ನಾಲ್ಕು ಗಂಟೆಯ ಟೆಸ್ಟಿಂಗ್

ನನ್ನ ಮನೆಯ ಬಾಗಿಲು ನಾನು ಹೇಳಿದ ಹಾಗೆ ಕೇಳುತ್ತದೆ. ಜಂಬಕ್ಕೆ ಹೇಳುತ್ತಿಲ್ಲ, ಸ್ವಲ್ಪ ಜಂಬವೂ ಇದೆ, ಇರಲಿ. "ಬಾಗಿಲು ತೆಗಿ" ಎಂದರೆ ತೆಗೆಯುತ್ತದೆ, "ಮುಚ್ಚು" ಎಂದರೆ ಮುಚ್ಚುತ್ತದೆ. ಐವತ್ತೆಂಟು ವರ್ಷಗಳಲ್ಲಿ ಎದುರು ಮಾತಾಡದೆ ನನ್ನ ಮಾತು ನಡೆಸಿಕೊಟ್ಟದ್ದು ಈ ಬಾಗಿಲೊಂದೇ.

ಹನ್ನೆರಡು ವರ್ಷಗಳ ಹಿಂದೆ ನನ್ನ ಸ್ನಾಯುಗಳು ಒಂದೊಂದಾಗಿ ರಾಜೀನಾಮೆ ಕೊಡಲು ಶುರುಮಾಡಿದವು. ಮೊದಲು ಕಾಲು, ಆಮೇಲೆ ಕೈ. ಈಗ ನನ್ನ ಸುಪರ್ದಿಯಲ್ಲಿ ಉಳಿದಿರುವುದು ಕುತ್ತಿಗೆ, ಬಾಯಿ ಮತ್ತು ಬಲಗೈಯ ತೋರುಬೆರಳು. ಬಾಯಿ ಮಾತ್ರ ಮೊದಲಿಗಿಂತ ಜೋರಾಗಿದೆ ಎಂದು ನನ್ನ ತಂಗಿ ಹೇಳುತ್ತಾಳೆ. ಅವಳು ಹೇಳುವುದರಲ್ಲಿ ತಪ್ಪೇನೂ ಇಲ್ಲ. ಒಂದೇ ಉಳಿದಿದ್ದರೆ ಅದನ್ನೇ ಚೆನ್ನಾಗಿ ಬಳಸಬೇಕು.

ಕಾಯಿಲೆ ಬರುವ ಮೊದಲು ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಇಪ್ಪತ್ತೈದು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳು. ತಂತಿ ಚುಚ್ಚುವ ಬೋರ್ಡುಗಳು ಹೋಗಿ ಕಂಪ್ಯೂಟರ್ ಬಂದ ಮೇಲೂ ನಮ್ಮ ಕೋಣೆಯಲ್ಲಿ ಎರಡು ನಿಯಮ ಬದಲಾಗಲಿಲ್ಲ. ಪಾಳಿ ಶುರುವಾದ ಕೂಡಲೇ ಪ್ರತಿ ಲೈನನ್ನೂ ಟೆಸ್ಟ್ ಮಾಡಬೇಕು. ಲೈನ್ ಜೋಡಿಸಿದ ಮೇಲೆ ಕಿವಿ ತೆಗೆಯಬೇಕು. ಇನ್ನೊಬ್ಬರ ಮಾತು ಕೇಳಿಸಿಕೊಳ್ಳಬಾರದು. ಎರಡನೆಯ ನಿಯಮವನ್ನು ನಮ್ಮಲ್ಲಿ ಮುರಿಯದವರೇ ಇರಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ಯಾರ ಮದುವೆ ಮುರಿದುಬಿತ್ತು, ಯಾರ ಅಳಿಯ ಮನೆ ಬಿಟ್ಟು ಹೋದ ಎಂದು ಉಳಿದವರು ಚಹಾ ಹೊತ್ತಿನಲ್ಲಿ ಹಂಚಿಕೊಳ್ಳುತ್ತಿದ್ದರೆ ನಾನು ಬೇರೆ ಕಡೆ ಮುಖ ಮಾಡಿ ಕೂರುತ್ತಿದ್ದೆ. "ದೊಡ್ಡ ನಿಯಮದವಳು" ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ನನಗೆ ಅದು ಬೈಗುಳ ಅನ್ನಿಸಿರಲಿಲ್ಲ.

ಕೈಯೂ ಸೋತ ಮೇಲೆ ಎಂಟು ತಿಂಗಳು ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ಅವಳು ಒಂದು ಲಾಂಡ್ರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ, ಅವಳ ಗಂಡ ಬಸ್ಸಿನ ಮೆಕ್ಯಾನಿಕ್. ಇಬ್ಬರೂ ಒಳ್ಳೆಯವರು. ನನ್ನನ್ನು ಹೂವಿನ ಹಾಗೆ ನೋಡಿಕೊಂಡರು. ತೊಂದರೆ ಆದದ್ದೇ ಅದು. ನಾನು ಯಾವಾಗ ಮಲಗಬೇಕು, ಯಾವಾಗ ಏಳಬೇಕು, ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಲ್ಲವನ್ನೂ ಅವರೇ ಪ್ರೀತಿಯಿಂದ ತೀರ್ಮಾನ ಮಾಡಿಬಿಡುತ್ತಿದ್ದರು. ಒಂದು ಮಧ್ಯಾಹ್ನ ನನಗೆ ಬಾಯಾರಿತ್ತು. ಮುಂದಿನ ಕೋಣೆಯಲ್ಲಿ ನೆಂಟರು ಬಂದು ಎಲ್ಲರೂ ನಗುತ್ತಿದ್ದರು. ಆ ನಗುವಿನ ಮಧ್ಯೆ ಕೂಗಲು ಮನಸ್ಸಾಗಲಿಲ್ಲ. ಎರಡು ಗಂಟೆ ಹೊತ್ತು ತುಟಿ ಕಚ್ಚಿಕೊಂಡು ಬಿದ್ದಿದ್ದೆ. ಅವತ್ತೇ ನಿಶ್ಚಯ ಮಾಡಿದೆ, ಇಲ್ಲಿ ಇರಬಾರದು ಎಂದು.

ಅಂಗವಿಕಲರು ಸ್ವಂತ ಮನೆಯಲ್ಲಿ ಇರುವ ಯೋಜನೆ ಒಂದಿತ್ತು. ನೆಲಮಹಡಿಯ ಈ ಎರಡು ಕೋಣೆ ಸಿಕ್ಕಿದ್ದು ಅದರಿಂದ. ಸಹಾಯಕಿಯರ ಗಂಟೆಗಳನ್ನು ಇಲಾಖೆ ಕೊಡುತ್ತದೆ. ಯಾರು ಬರಬೇಕು, ಯಾವಾಗ ಬರಬೇಕು, ಬಂದು ಏನು ಮಾಡಬೇಕು ಎನ್ನುವುದನ್ನು ನಾನೇ ನಿರ್ಧರಿಸುತ್ತೇನೆ. ಆರು ಜನರನ್ನು ಮಾತಾಡಿಸಿ ಇಬ್ಬರನ್ನು ಆರಿಸಿದೆ. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಬರುವವಳಿಗೆ ಮೊಮ್ಮಕ್ಕಳಿದ್ದಾರೆ. ಅವಳು ಚಪ್ಪಲಿ ಬಿಡುವುದನ್ನು ನೋಡಿದರೇ ಗೊತ್ತಾಗುತ್ತದೆ, ನಾನು ಅವಳಿಗೆ ಗಡಿಬಿಡಿ ಎಂದು ಹೆಸರಿಟ್ಟದ್ದು ಯಾಕೆ ಅಂತ. ಸಂಜೆ ಆರಕ್ಕೆ ಬರುವವಳು ಮಾತು ಕಮ್ಮಿ, ರಾತ್ರಿ ಪಕ್ಕದ ಕೋಣೆಯಲ್ಲೇ ಮಲಗುತ್ತಾಳೆ.

ಗೋಡೆಯ ಮೊಳೆಗೆ ಒಂದು ನೋಟುಬುಕ್ಕು ತೂಗುಹಾಕಿದೆ. "ನನ್ನನ್ನು ಎತ್ತುವ ಕ್ರಮ" ಎಂದು ಅದರ ಹೆಸರು. ನಾನು ಹೇಳಿ ಬರೆಸಿದ ಹನ್ನೆರಡು ಪುಟ. ಛಾವಣಿಗೆ ಹಾಕಿದ ಹಳಿಯಲ್ಲಿ ಓಡುವ ಜೋಲಿಯನ್ನು ನನ್ನ ಬೆನ್ನಿನ ಕೆಳಗೆ ಹೇಗೆ ತೂರಿಸಬೇಕು, ಕಾಲಿನ ಪಟ್ಟಿಯನ್ನು ಯಾವ ಕೊಂಡಿಗೆ ಹಾಕಬೇಕು, ಗಾಲಿಕುರ್ಚಿಗೆ ಇಳಿಸುವಾಗ ಸೊಂಟ ಮೊದಲೋ ತೊಡೆ ಮೊದಲೋ ಎಲ್ಲ ಅದರಲ್ಲಿದೆ. ಏಳನೆಯ ಪುಟದಲ್ಲಿ ಒಂದೇ ಸಾಲು: "ನನ್ನ ತಲೆಯ ಮೇಲಿನಿಂದ ಇನ್ನೊಬ್ಬರ ಜೊತೆ ನನ್ನ ವಿಷಯ ಮಾತಾಡಬಾರದು."

ಉಳಿದ ಕೆಲಸ ಯಂತ್ರಗಳದ್ದು. ಕುರ್ಚಿಯನ್ನು ಗದ್ದದಿಂದ ನಡೆಸುತ್ತೇನೆ. ನೀರಿನ ಕೊಳವೆ ಬಾಯಿಯ ಪಕ್ಕದಲ್ಲೇ ಇದೆ. ಬೆರಳಿನ ಗುಂಡಿ ಒತ್ತಿದರೆ ಮೇಜಿನ ಮೇಲಿನ ಚಮಚದ ತೋಳು ತಟ್ಟೆಯಿಂದ ಬಗೆದು ನನ್ನ ಬಾಯಿಯವರೆಗೆ ತರುತ್ತದೆ. ಮೊದಲ ವಾರ ಅದು ನನ್ನ ಮೂಗಿಗೇ ಉಣ್ಣಿಸಿತ್ತು. ಕಪಾಟಿನ ಮೇಲೆ ನನ್ನ ಮಾತು ಕೇಳುವ ಕಪ್ಪು ಡಬ್ಬಿ. ದೀಪ, ಫ್ಯಾನು, ಬಾಗಿಲು, ಫೋನು ಎಲ್ಲ ಅದರ ಉಸ್ತುವಾರಿ. "ಅರ್ಧ ಗಂಟೆಯಾಯಿತು, ಕುರ್ಚಿಯನ್ನು ಹಿಂದಕ್ಕೆ ಒರಗಿಸಿ" ಎಂದು ನೆನಪಿಸುವುದೂ ಅದೇ. ಒಂದೇ ಕಡೆ ಭಾರ ಬಿದ್ದರೆ ಚರ್ಮ ಹುಣ್ಣಾಗುತ್ತದೆ. ಡಬ್ಬಿಯ ದನಿ ಹೆಂಗಸಿನದು, ಇಂಪಾಗಿಯೇ ಇದೆ. ಆದರೆ ಅದರ ಮಾತಿನ ಮಧ್ಯೆ ಉಸಿರೇ ಇಲ್ಲ. ಆಪರೇಟರ್ ಕಿವಿಗೆ ಇದು ತಕ್ಷಣ ಗೊತ್ತಾಗುತ್ತದೆ.

ಕೊನೆಯದಾಗಿ ಕೆನ್ನೆಯ ಪಕ್ಕದ ಹಳದಿ ಗುಂಡಿ. ಕೆನ್ನೆ ತಾಗಿಸಿದರೆ ಸಹಾಯ ಕೇಂದ್ರಕ್ಕೆ ಲೈನ್ ಹೋಗುತ್ತದೆ, ಅಲ್ಲಿ ಒಬ್ಬ ಮನುಷ್ಯ ಎತ್ತುತ್ತಾನೆ. ಈ ಕತೆ ಆ ಗುಂಡಿಯದು.

ಹನ್ನೊಂದಕ್ಕೆ ಗಡಿಬಿಡಿ ಹೊರಟರೆ ಸಂಜೆ ಆರರವರೆಗೆ ನಾನೊಬ್ಬಳೇ. ಒಟ್ಟು ಏಳು ಗಂಟೆ ಹೊತ್ತು. ಇದನ್ನೇ ನಾನು ಬೇಡಿ ಪಡೆದದ್ದು, ದೂರುವ ಹಾಗಿಲ್ಲ. ಊಟದವರೆಗೆ ಹೇಗೋ ಸಾಗುತ್ತದೆ. ಎರಡರ ಮೇಲೆ ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಹತ್ತುತ್ತದೆ. ಮೂರೂವರೆಗೆ ಸ್ವಿಚ್ ಬೋರ್ಡಿನ ಹತ್ತಿರ ಬರುತ್ತದೆ. ಅಲ್ಲಿಂದ ಮುಂದೆ ಅದು ಅಲ್ಲಾಡುವುದೇ ಇಲ್ಲವೇನೋ ಅನ್ನಿಸುತ್ತದೆ. ಮನೆಗಿಂತ ಎತ್ತರದ ಬೀದಿಯಲ್ಲಿ ಹೋಗುವವರ ಮೊಣಕಾಲಿನವರೆಗಿನ ಭಾಗ ಮಾತ್ರ ನನ್ನ ಕಿಟಕಿಗೆ ಕಾಣುತ್ತದೆ. ಯಾರ ಕಾಲೂ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಎದೆಯೊಳಗೆ ಏನೋ ಖಾಲಿ ಕೊಡದ ಹಾಗೆ ಬಡಿದುಕೊಳ್ಳುತ್ತದೆ. ಅದಕ್ಕೆ ಆಗ ನಾನು ಹೆಸರು ಕೊಟ್ಟಿರಲಿಲ್ಲ.

ಯಾರಿಗಾದರೂ ಫೋನ್ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಡಬ್ಬಿಗೆ ಹೇಳಿದರೆ ಸಾಕು, ಮಾಡಿಕೊಡುತ್ತದೆ. ಆದರೆ ಕಾರಣವಿಲ್ಲದೆ ಫೋನ್ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಎಕ್ಸ್‌ಚೇಂಜಿನಲ್ಲಿ ಅಂಥವರು ದಿನಕ್ಕೆ ಹತ್ತಿಪ್ಪತ್ತು ಮಂದಿ ಸಿಗುತ್ತಿದ್ದರು. "ಗಂಟೆ ಎಷ್ಟಾಯ್ತು?" ಎಂದು ಕೇಳುವರು, ಆಮೇಲೆ ಸುಮ್ಮನೆ ಲೈನಿನಲ್ಲಿ ಉಸಿರಾಡುತ್ತಾ ನಿಲ್ಲುವರು. ನಾನು ಗಂಟೆ ಹೇಳಿ ಪಟ್ಟನೆ ಲೈನ್ ತೆಗೆಯುತ್ತಿದ್ದೆ. ತಂಗಿ ಪ್ರತಿ ಭಾನುವಾರ ಬೆಳಿಗ್ಗೆ ಫೋನ್ ಮಾಡಿ "ಹೇಗಿದ್ದೀಯ ಅಕ್ಕ?" ಎಂದರೆ, "ಉಸಿರಾಡೋಕೂ ಪುರುಸೊತ್ತಿಲ್ಲ ಕಣೆ" ಎನ್ನುತ್ತಿದ್ದೆ. ಅವಳಿಗೆ ಏನು ಹೇಳಿದರೂ ಹಿಂದಿನ ಕೋಣೆಗೆ ಹೊಸ ಪರದೆ ಹಾಕಿಸಿಬಿಡುತ್ತಾಳೆ ಎಂಬ ಭಯ ನನಗೆ.

ಹಾಗಾಗಿ ನನಗೆ ಒಂದು ಕಾರಣ ಬೇಕಿತ್ತು, ಅದು ಸಿಕ್ಕಿತು. ಲೈನನ್ನು ಟೆಸ್ಟ್ ಮಾಡಬೇಕು. ಟೆಸ್ಟ್ ಮಾಡದ ಲೈನು ಇದ್ದೂ ಇಲ್ಲದ ಹಾಗೆ. ಇದು ನನ್ನ ಕಸುಬಿನ ಮಾತು, ಯಾರೂ ಬೆರಳು ತೋರಿಸುವ ಹಾಗಿಲ್ಲ. ಈ ಮನೆಗೆ ಬಂದ ಎರಡನೆಯ ವಾರ, ಸರಿಯಾಗಿ ನಾಲ್ಕು ಗಂಟೆಗೆ, ಕೆನ್ನೆ ತಾಗಿಸಿದೆ.

"ಸಹಾಯ ಕೇಂದ್ರ. ಹೇಳಿ, ಏನಾಗಿದೆ?" ಗಂಡಸಿನ ದನಿ. ನಲವತ್ತರ ಆಸುಪಾಸು. ನೆಗಡಿ ಇತ್ತು.

"ಏನೂ ಆಗಿಲ್ಲ. ಟೆಸ್ಟಿಂಗ್."

"ಸರಿ ಅಮ್ಮ. ಚೆನ್ನಾಗಿ ಕೇಳಿಸ್ತಿದೆ."

"ನಿಮ್ಮ ಕಡೆ ಒಂಚೂರು ಗುಂಯ್ ಅಂತಿದೆ. ಮೈಕ್ ಬಾಯಿಗೆ ಹತ್ರ ಹಿಡ್ಕೊಂಡಿದ್ದೀರಿ. ಎರಡು ಬೆರಳು ದೂರ ಇಟ್ಕೊಳ್ಳಿ."

ಆ ಕಡೆ ಕುರ್ಚಿ ಕಿರುಗುಟ್ಟಿತು. "ಈಗ?"

"ಈಗ ಸರಿ. ನೆಗಡಿಗೆ ಏನಾದ್ರೂ..." ಅನ್ನುವಷ್ಟರಲ್ಲಿ ಲೈನು ಕಡಿದುಹೋಯಿತು.

ಮಾರನೆಯ ದಿನವೂ ಹಾಗೇ ಆಯಿತು, ಅದರ ಮಾರನೆಯ ದಿನವೂ. ನಾಲ್ಕು ಮಾತಾಡುವಷ್ಟರಲ್ಲಿ ಕತ್ತರಿ ಹಾಕಿದಂತೆ ಕಡಿಯುತ್ತಿತ್ತು. ಒಂಬತ್ತನೆಯ ದಿನ ನನಗೆ ರೇಗಿ, ಕಡಿಯುವ ಮೊದಲೇ ಹೇಳಿದೆ, "ನಿಮ್ಮ ಲೈನಿನಲ್ಲಿ ದೋಷ ಇದೆ, ಸರಿ ಮಾಡಿಸಿ." ಹತ್ತನೆಯ ದಿನದಿಂದ ಕಡಿಯುವುದು ನಿಂತಿತು. ನಾನು ಹೇಳಿದ ಮೇಲೆ ರಿಪೇರಿ ಮಾಡಿಸಿದ್ದಾರೆ ಎಂದುಕೊಂಡು ಹೆಮ್ಮೆಪಟ್ಟೆ.

ಆಮೇಲೆ ನಮ್ಮ ಟೆಸ್ಟಿಂಗ್ ಎರಡು ನಿಮಿಷವಾಯಿತು, ಮೂರಾಯಿತು, ಕೆಲವೊಮ್ಮೆ ಐದು. ನಾನು ಅವನ ಹೆಸರು ಕೇಳಲಿಲ್ಲ. ಆಪರೇಟರ್ ಇನ್ನೊಬ್ಬ ಆಪರೇಟರ್‌ನ ಹೆಸರು ಕೇಳುವುದಿಲ್ಲ. ಮನಸ್ಸಿನಲ್ಲೇ ನಾಲ್ಕು ಗಂಟೆಯವನು ಎಂದು ಕರೆದುಕೊಂಡೆ. "ಊಟ ಆಯ್ತಾ ಅಮ್ಮ?" ಎಂದು ಅವನು ಕೇಳುವನು. "ನಾಲ್ಕು ಗಂಟೆಗೆ ಯಾವ ಊಟ? ಚಹಾ ಆಯ್ತಾ ಅನ್ನಿ" ಎಂದು ನಾನು ತಿದ್ದುವೆನು. ಅವನ ಕಿಟಕಿಯ ಎದುರು ಒಂದು ಗೋಡೆ ಇತ್ತು. ಅದರ ಮೇಲೆ ಒಂದು ಕುಂಟ ಬೆಕ್ಕು ಮಲಗುತ್ತಿತ್ತು. "ಇವತ್ತು ಬಂದಿದೆಯಾ?" ಎಂದು ನಾನು ಕೇಳುವೆನು. "ಬಂದಿದೆ, ಬೆನ್ನು ತಿರುಗಿಸ್ಕೊಂಡು ಮಲಗಿದೆ." ಇಷ್ಟೇ. ಇದಕ್ಕಿಂತ ದೊಡ್ಡ ಮಾತು ನಾವು ಆಡಿದ್ದೇ ಇಲ್ಲ. ಆದರೆ ಮಧ್ಯಾಹ್ನ ಮೂರೂವರೆಗೆ ಬಿಸಿಲು ಸ್ವಿಚ್ ಬೋರ್ಡಿನ ಹತ್ತಿರ ನಿಂತಾಗ, ಇನ್ನು ಅರ್ಧ ಗಂಟೆ ಎಂದು ನಾನು ಕುರ್ಚಿಯನ್ನು ಕಿಟಕಿಯಿಂದ ಈಚೆಗೆ ತಿರುಗಿಸಿ, ಗಂಟಲು ಸರಿಮಾಡಿಕೊಳ್ಳುತ್ತಿದ್ದೆ.

ಎಂಟು ತಿಂಗಳು ಹೀಗೆ ನಡೆಯಿತು. ಆಮೇಲೆ ತಪಾಸಣೆಯ ಪತ್ರ ಬಂತು.

ಯೋಜನೆಯ ಪ್ರಕಾರ ಮೊದಲ ವರ್ಷ ಮುಗಿಯುವ ಮೊದಲು ಅಧಿಕಾರಿಯೊಬ್ಬರು ಮನೆಗೆ ಬಂದು ನೋಡಬೇಕು. ಒಬ್ಬಳೇ ಸುರಕ್ಷಿತವಾಗಿ ಇರಬಲ್ಲಳು ಎಂದು ಅವರು ಬರೆದರೆ ಮನೆ ಇನ್ನೊಂದು ವರ್ಷ ನನ್ನದು. ಆಗುವುದಿಲ್ಲ ಎಂದು ಬರೆದರೆ ಅಂಗವಿಕಲರ ನಿಲಯಕ್ಕೆ ಹೋಗಬೇಕು, ಇಲ್ಲವೇ ತಂಗಿಯ ಹಿಂದಿನ ಕೋಣೆಗೆ. ಮನೆಯವರೊಬ್ಬರು ಹಾಜರಿರಬೇಕು ಎಂದಿದ್ದರಿಂದ ತಂಗಿ ರಜೆ ಹಾಕಿ ಬಂದಳು. ಗಡಿಬಿಡಿ ಅವತ್ತು ಹನ್ನೊಂದಾದರೂ ಹೋಗಲಿಲ್ಲ. ಒರೆಸಿದ ಮೇಜನ್ನೇ ಮೂರು ಸಲ ಒರೆಸಿದಳು.

ಅಧಿಕಾರಿ ಹೆಂಗಸು. ಕನ್ನಡಕ, ದಪ್ಪ ಫೈಲು, ಸುಸ್ತಾದ ಮುಖ. ಕೆಟ್ಟವರೇನಲ್ಲ. ಆದರೆ ಕೂತ ಕೂಡಲೇ ತಂಗಿಯ ಕಡೆ ತಿರುಗಿ, "ಇವರು ದಿನಕ್ಕೆ ಎಷ್ಟು ನೀರು ಕುಡೀತಾರೆ?" ಎಂದರು.

"ಇವರಿಗೆ ಬಾಯಿದೆ ಮೇಡಂ," ಎಂದೆ. "ಗಡಿಬಿಡಿ, ಏಳನೇ ಪುಟ ತೋರ್ಸು."

ಗಡಿಬಿಡಿ ನೋಟುಬುಕ್ಕು ತಂದು ಹಿಡಿದಳು. ಅಧಿಕಾರಿ ಓದಿದರು, ಕನ್ನಡಕ ಸರಿಮಾಡಿಕೊಂಡರು, ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ಅಲ್ಲಿಂದ ಮುಂದೆ ನನ್ನನ್ನೇ ಕೇಳಿದರು. ಅದಕ್ಕೆ ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ.

ಒಂದು ಗಂಟೆ ನಾನು ಪ್ರದರ್ಶನ ಕೊಟ್ಟೆ. ಬಾಗಿಲು ತೆಗೆದೆ, ಮುಚ್ಚಿದೆ. ಚಮಚದ ತೋಳಿನಿಂದ ತಿಂದೆ. ಕುರ್ಚಿ ಒರಗಿಸಿದೆ. ಸಹಾಯಕಿ ಬರದಿದ್ದರೆ ಏನು ಮಾಡುತ್ತೀರಿ ಎಂದರು. ಬದಲಿಗೆ ಬರುವ ಮೂವರ ಪಟ್ಟಿಯನ್ನು ಡಬ್ಬಿಯಿಂದ ಓದಿಸಿದೆ, ಒಬ್ಬಳಿಗೆ ಫೋನ್ ಹಚ್ಚಿಸಿ ಮಾತಾಡಿಸಿಯೂ ತೋರಿಸಿದೆ. ಕರೆಂಟು ಹೋದರೆ ಎಂದರು; ಬ್ಯಾಟರಿ ತೋರಿಸಿದೆ. ತಂಗಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ನನ್ನ ಮನೆಯಲ್ಲಿ ನಾನು ಏನೆಲ್ಲ ಮಾಡುತ್ತೇನೆಂದು ಅವಳಿಗೂ ಗೊತ್ತಿರಲಿಲ್ಲ. ಗೆದ್ದೆ ಅಂದುಕೊಂಡೆ.

ಆಗ ಅವರು ಫೈಲಿನ ಕೊನೆಯಿಂದ ಒಂದು ಕಾಗದ ತೆಗೆದರು.

"ಇದೊಂದೇ ನಂಗೆ ಅರ್ಥ ಆಗ್ತಿಲ್ಲ. ಎಂಟು ತಿಂಗಳಲ್ಲಿ ಸಹಾಯ ಕೇಂದ್ರಕ್ಕೆ ನಿಮ್ಮಿಂದ ಇನ್ನೂರ ಮೂವತ್ತೊಂದು ಕರೆ. ನಮ್ಮ ಪಟ್ಟಿಯಲ್ಲಿ ಇಷ್ಟು ಯಾರದ್ದೂ ಇಲ್ಲ. ಎಲ್ಲ ಮಧ್ಯಾಹ್ನ ನಾಲ್ಕು ಗಂಟೆಗೆ."

"ಅದು ಟೆಸ್ಟಿಂಗ್," ಎಂದೆ. "ನಾನು ಆಪರೇಟರ್ ಆಗಿದ್ದವಳು. ಲೈನ್ ಟೆಸ್ಟ್ ಮಾಡ್ತಿದ್ದೆ."

"ಟೆಸ್ಟಿಂಗ್ ತಿಂಗಳಿಗೊಂದು ಸಲ ಸಾಕು. ಅದೂ ಇರಲಿ. ಇಲ್ಲಿ ಮೊದಲ ಒಂಬತ್ತು ಮಾತ್ರ ಟೆಸ್ಟಿಂಗ್ ಅಂತ ದಾಖಲಾಗಿದೆ. ಆಮೇಲಿನ ಇನ್ನೂರ ಇಪ್ಪತ್ತೆರಡೂ ತುರ್ತು ಕರೆ ಅಂತ ಇದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಪ್ರತಿ ದಿನ ಬಾಯಿಬಿಟ್ಟು ಟೆಸ್ಟಿಂಗ್ ಎಂದು ಹೇಳಿದ್ದೇನೆ. ಆ ನಾಲ್ಕು ಗಂಟೆಯವನು ತಪ್ಪು ಗುಂಡಿ ಒತ್ತಿದ್ದಾನೆ, ಒಂದು ದಿನವಲ್ಲ, ಎಂಟು ತಿಂಗಳು. ಬೆಕ್ಕಿನ ಕತೆ ಹೇಳುತ್ತಾ ನನ್ನ ಮನೆಗೇ ಕುತ್ತು ತಂದಿದ್ದಾನೆ.

"ತಪ್ಪು ದಾಖಲೆ," ಎಂದೆ.

"ಒಂದು ಎರಡಾದ್ರೆ ತಪ್ಪು ಅನ್ನಬಹುದು. ದಿನಾ ಒಂದೇ ಹೊತ್ತಿಗೆ ತುರ್ತು ಕರೆ ಮಾಡೋರನ್ನ ಏಳು ಗಂಟೆ ಒಬ್ರನ್ನೇ ಬಿಡಬಹುದು ಅಂತ ನಾನು ಹೇಗೆ ಬರೀಲಿ? ನಾಲ್ಕು ಗಂಟೆಗೆ ನಿಮಗೆ ಏನಾಗುತ್ತೆ? ಉಸಿರು ಕಟ್ಟುತ್ತಾ? ಎದೆ ನೋವಾ?"

ತಂಗಿಯ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. "ಅಕ್ಕಾ, ಪ್ರತಿ ಭಾನುವಾರ ಚೆನ್ನಾಗಿದ್ದೀನಿ ಅಂತಿದ್ಯಲ್ಲ. ದಿನಾ ಏನಾಗ್ತಿತ್ತು ನಿಂಗೆ? ನಂಗ್ಯಾಕೆ ಹೇಳ್ಲಿಲ್ಲ?"

ಎದೆ ನೋವು ಎಂದರೆ ಮನೆ ಹೋಗುತ್ತದೆ. ಟೆಸ್ಟಿಂಗ್ ಎಂದರೆ ಯಾರೂ ನಂಬುವುದಿಲ್ಲ. ಉಳಿದದ್ದು ನಿಜ. ಅದನ್ನು ತಂಗಿಯ ಎದುರು ಹೇಳುವುದಕ್ಕಿಂತ ನಿಲಯಕ್ಕೆ ಹೋಗುವುದೇ ವಾಸಿ ಎಂದು ಒಂದು ಕ್ಷಣ ಅನ್ನಿಸಿತು. ಕೊಳವೆಗೆ ಬಾಯಿ ಹಾಕಿ ನೀರು ಕುಡಿದೆ. ಮೂವರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಏನೂ ಆಗ್ತಿರಲಿಲ್ಲ," ಎಂದೆ. "ಬೆಳಿಗ್ಗೆ ಹನ್ನೊಂದರಿಂದ ಸಂಜೆ ಆರರ ತನಕ ಏನೂ ಆಗಲ್ಲ. ಒಂಟಿ ಅನ್ನಿಸ್ತಿತ್ತು ಮೇಡಂ. ತಡೀಲಿಕ್ಕೆ ಆಗದಷ್ಟು ಒಂಟಿ. ಉಸಿರಾಡೋ ಒಂದು ದನಿ ಕೇಳಬೇಕು ಅನ್ನಿಸ್ತಿತ್ತು. ಟೆಸ್ಟಿಂಗ್ ಅನ್ನೋದು ನೆಪ. ನನಗೆ ಇಲ್ಲಿ ಇರೋಕೆ ಬರುತ್ತೆ, ನೀವೇ ನೋಡಿದ್ರಿ. ಬೇಜಾರಾಗುತ್ತೆ ಅಂದ್ರೆ ಇರೋಕೆ ಬರಲ್ಲ ಅಂತ ಅರ್ಥ ಅಲ್ಲ. ನಿಮಗೂ ಮನೆಯಲ್ಲಿ ಬೇಜಾರಾಗುತ್ತೆ, ನಿಮ್ಮನ್ನ ಯಾರೂ ನಿಲಯಕ್ಕೆ ಹಾಕಲ್ಲ."

ಗಡಿಬಿಡಿ ಮೇಜು ಒರೆಸುವುದನ್ನು ನಿಲ್ಲಿಸಿದ್ದಳು. ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಂಗಾದ್ರೆ ಬಂದ್ಬಿಡು ಅಕ್ಕ. ಕೋಣೆ ಹಂಗೇ ಇದೆ."

"ಬರಲ್ಲ," ಎಂದೆ. ನನ್ನ ದನಿ ಅಷ್ಟು ಒರಟಾಗಬೇಕಿರಲಿಲ್ಲ. ಅವಳು ತಲೆ ತಗ್ಗಿಸಿದಳು. ಅಲ್ಲಿದ್ದಾಗಲೂ ನನಗೆ ಹೀಗೇ ಆಗುತ್ತಿತ್ತು, ಎಲ್ಲರ ಮಧ್ಯೆ, ಬಾಯಾರಿಕೊಂಡು. ಅದನ್ನು ಅವಳಿಗೆ ಹೇಗೆ ಹೇಳಲಿ?

ಅಧಿಕಾರಿ ಕಾಗದದ ಸಾಲುಗಳ ಮೇಲೆ ಪೆನ್ನು ಓಡಿಸಿದರು. "ಇದಕ್ಕೆ ಫಾರಮ್ಮಿನಲ್ಲಿ ಕಾಲಂ ಇಲ್ಲ," ಎಂದರು, ತಮಗೇ ಹೇಳಿಕೊಂಡ ಹಾಗೆ. "ಕೇಂದ್ರದವರ ಹತ್ರ ಕರೆಗಳ ರೆಕಾರ್ಡ್ ಇರುತ್ತೆ. ಕೇಳಿ ನೋಡ್ತೀನಿ."

ಆ ವಾರವಿಡೀ ಹಳದಿ ಗುಂಡಿಗೆ ಕೆನ್ನೆ ತಾಗಿಸಲಿಲ್ಲ. ವಾರ ಮುಗಿದ ಮೇಲೆ, ಮಂಗಳವಾರ, ಪತ್ರ ಬಂತು. ಡಬ್ಬಿ ಓದಿತು. ಇನ್ನೊಂದು ವರ್ಷಕ್ಕೆ ಮಂಜೂರಾಗಿದೆ. ಫಲಾನುಭವಿ ತನ್ನ ಆರೈಕೆಯನ್ನು ತಾನೇ ನಿರ್ವಹಿಸಲು ಸಮರ್ಥರಿದ್ದಾರೆ. ನನ್ನ ಕಣ್ಣಲ್ಲಿ ನೀರು ಬಂತು. ಒರೆಸಲು ಕೈ ಇಲ್ಲದವಳು ಒರಗಿಕೊಂಡು ಅಳಬಾರದು, ಕಿವಿಯೊಳಗೆ ಹೋಗುತ್ತದೆ. ಡಬ್ಬಿ ಅದೇ ಉಸಿರಿಲ್ಲದ ದನಿಯಲ್ಲಿ ಮುಂದುವರಿಸಿತು. ಲೈನಿನ ಪರೀಕ್ಷೆಯನ್ನು ಗುರುವಾರದಿಂದ ಯಂತ್ರವೇ ದಿನಕ್ಕೊಮ್ಮೆ ತಾನಾಗಿ ಮಾಡುತ್ತದೆ. ಹಳದಿ ಗುಂಡಿ ಇನ್ನು ಮುಂದೆ ತುರ್ತಿಗೆ ಮಾತ್ರ. ತಿಂಗಳಲ್ಲಿ ಮೂರು ಅನಗತ್ಯ ಕರೆ ಬಂದರೆ ಮತ್ತೆ ತಪಾಸಣೆ.

ಬುಧವಾರ ಒಂದು ದಿನ ಉಳಿದಿತ್ತು. ನಾಲ್ಕು ಗಂಟೆಗೆ ಕೆನ್ನೆ ತಾಗಿಸಿದೆ. ಅವನನ್ನು ಚೆನ್ನಾಗಿ ಬೈಯಬೇಕು ಎಂದು ಮಾತು ಜೋಡಿಸಿಟ್ಟುಕೊಂಡಿದ್ದೆ.

"ಸಹಾಯ ಕೇಂದ್ರ. ಹೇಳಿ ಅಮ್ಮ."

"ಟೆಸ್ಟಿಂಗ್ ಅಂದ್ರೆ ಟೆಸ್ಟಿಂಗ್ ಗುಂಡಿ ಒತ್ತಬೇಕು ಅಂತ ನಿಮಗೆ ಯಾರೂ ಕಲಿಸಲಿಲ್ವೇನ್ರಿ? ಇನ್ನೂರ ಇಪ್ಪತ್ತೆರಡು ಸಲ ತಪ್ಪು ಒತ್ತಿದ್ದೀರಿ. ನಮ್ಮ ಕಾಲದಲ್ಲಾಗಿದ್ರೆ ಒಂದು ವಾರಕ್ಕೇ ಮನೆಗೆ ಕಳಿಸ್ತಿದ್ರು. ನಿಮ್ಮಿಂದ ನನ್ನ ಮನೆ ಹೋಗ್ತಿತ್ತು."

ಆ ಕಡೆ ಕುರ್ಚಿ ಕಿರುಗುಟ್ಟಿತು.

"ತಪ್ಪು ಒತ್ತಿಲ್ಲ ಅಮ್ಮ. ಟೆಸ್ಟಿಂಗ್ ಅಂತ ಒತ್ತಿದ್ರೆ ಇಪ್ಪತ್ತು ಸೆಕೆಂಡಿಗೆ ಲೈನ್ ತಾನೇ ಕಡಿದುಹೋಗುತ್ತೆ. ಮೊದಲ ಒಂಬತ್ತು ದಿನ ಹಂಗಾಯ್ತಲ್ಲ. ತುರ್ತು ಅಂತ ಒತ್ತಿದ್ರೆ ಇಬ್ಬರಲ್ಲಿ ಒಬ್ಬರು ಇಡೋ ತನಕ ಕಡಿಯಲ್ಲ. ಅದಕ್ಕೇ."

ಜೋಡಿಸಿಟ್ಟ ಬೈಗುಳದಲ್ಲಿ ಇನ್ನೂ ಅರ್ಧ ಬಾಕಿಯಿತ್ತು. ಅದನ್ನು ಬಿಟ್ಟು ಸೆಕೆಂಡು ಎಣಿಸಿದೆ. ಇಪ್ಪತ್ತು ದಾಟಿತು. ಲೈನು ಕಡಿಯಲಿಲ್ಲ. ಅವನು ಇವತ್ತೂ ಅದನ್ನೇ ಒತ್ತಿದ್ದ.

"ಮೇಲಿನೋರು ಬೈದ್ರಾ?" ಎಂದೆ.

"ಸ್ವಲ್ಪ. ಪರವಾಗಿಲ್ಲ. ಅಮ್ಮ, ನಿಮ್ಮ ನಂಬರ್ ಇಲ್ಲಿ ನನ್ನ ಕಣ್ಣೆದುರೇ ಇದೆ. ನಾವು ಹೊರಗಿಂದ ಫೋನ್ ಮಾಡೋ ಹಾಗಿಲ್ಲ, ನಿಯಮ. ನೀವು ಆಗ್ಲಿ ಅಂದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದ.

ಆಗಲಿ ಎಂಬ ಮೂರಕ್ಷರ. ನನ್ನ ಬಾಯಿ ಯಾವತ್ತೂ ಕೈಕೊಟ್ಟದ್ದಿಲ್ಲ, ಅವತ್ತು ಕೊಟ್ಟಿತು. ಇಪ್ಪತ್ತೈದು ವರ್ಷದ ದೊಡ್ಡ ನಿಯಮದವಳು ಒಳಗಿನಿಂದ ಎದ್ದು ಮಾತಾಡಿದಳು.

"ನಿಯಮ ಅಂದ್ರೆ ನಿಯಮ," ಎಂದೆ. "ಈಗಾಗ್ಲೇ ಬೈಸಿಕೊಂಡಿದ್ದೀರಿ. ಬೆಕ್ಕು ಬಂದಿದೆಯಾ?"

"ಇವತ್ತು ಬಂದಿಲ್ಲ ಅಮ್ಮ."

"ಸರಿ. ಲೈನ್ ಚೆನ್ನಾಗಿದೆ. ಇಡಿ."

ಅವನು ತಕ್ಷಣ ಇಡಲಿಲ್ಲ. ನಾನೇ ಕೆನ್ನೆ ತಾಗಿಸಿ ಇಟ್ಟೆ. ಇಟ್ಟ ಮರುಕ್ಷಣವೇ ನನ್ನಂಥ ಮೂರ್ಖಳು ಇಲ್ಲ ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಗುರುವಾರ ಬೆಳಿಗ್ಗೆ ಟೆಕ್ನಿಷಿಯನ್ ಬಂದು ಡಬ್ಬಿಯಲ್ಲಿ ಏನೋ ತಿರುಚಿ, ಹತ್ತೇ ನಿಮಿಷದಲ್ಲಿ ಹೋದ. ಪರೀಕ್ಷೆ ಎಷ್ಟು ಗಂಟೆಗೆ ಇಡಲಿ ಎಂದು ಕೇಳಿದ. ನಾಲ್ಕಕ್ಕೆ ಇಡು ಎಂದಿದ್ದೆ, ಅಭ್ಯಾಸಬಲ. ಮಧ್ಯಾಹ್ನ ನಾಲ್ಕಕ್ಕೆ ಡಬ್ಬಿಯ ಮೇಲೆ ಹಸಿರು ದೀಪ ಹತ್ತಿತು. ಲೈನು ತೆರೆದುಕೊಂಡದ್ದು ನನಗೆ ಕೇಳಿಸಿತು. ತೆರೆದ ಲೈನಿಗೆ ಒಂದು ಸದ್ದಿರುತ್ತದೆ, ಖಾಲಿ ಕೋಣೆಗೆ ಇರುವ ಹಾಗೆ. ಆ ತುದಿಯಲ್ಲಿ ಯಾರೂ ಇರಲಿಲ್ಲ. "ಚಹಾ ಆಯ್ತಾ?" ಎಂದೆ, ನಾಚಿಕೆಯಿಲ್ಲದೆ. ಮನಸ್ಸಿನಲ್ಲೇ ಎಣಿಸಿದೆ. ಇಪ್ಪತ್ತಕ್ಕೆ ಸರಿಯಾಗಿ ಕಡಿಯಿತು. "ಪರೀಕ್ಷೆ ಯಶಸ್ವಿಯಾಗಿದೆ," ಎಂದಿತು ಡಬ್ಬಿ.

ಶುಕ್ರವಾರ ಯಶಸ್ವಿ. ಶನಿವಾರ ಯಶಸ್ವಿ. ಭಾನುವಾರ ಬೆಳಿಗ್ಗೆ ತಂಗಿ ಈ ವಾರವೂ ಫೋನ್ ಮಾಡಲಿಲ್ಲ. ನನ್ನ ಒರಟು ಮಾತು ಅವಳಿಗೆ ತಾಗಿರಬೇಕು. ಮಧ್ಯಾಹ್ನ ಯಂತ್ರದ ಪರೀಕ್ಷೆ ಮಾತ್ರ ತಪ್ಪದೆ ಯಶಸ್ವಿಯಾಯಿತು.

ಸೋಮವಾರ ಮೂರೂವರೆಗೆ ಬಿಸಿಲು ಸ್ವಿಚ್ ಬೋರ್ಡಿನ ಹತ್ತಿರ ಬಂದು ನಿಂತಿತು. ಮನೆ ನನ್ನದು. ಬಾಗಿಲು ನನ್ನದು. ಬಾಯಾರಿದರೆ ನೀರು ಬಾಯಿಯ ಪಕ್ಕದಲ್ಲೇ ಇದೆ. ಇದಕ್ಕಾಗಿಯೇ ಹೋರಾಡಿದ್ದೆ, ಗೆದ್ದೂ ಇದ್ದೆ. ಇನ್ನು ಒಂದು ವರ್ಷ ಪ್ರತಿದಿನ ನಾಲ್ಕು ಗಂಟೆಗೆ ಇಪ್ಪತ್ತು ಸೆಕೆಂಡು ಖಾಲಿ ಲೈನು ಕೇಳುತ್ತಾ ಕೂರುವುದು ನೆನೆಸಿಕೊಂಡೆ. ಗಂಟೆ ಕೇಳಿ ಲೈನಿನಲ್ಲೇ ನಿಲ್ಲುತ್ತಿದ್ದವರು ನೆನಪಾದರು. ಎಷ್ಟು ಜನರ ಲೈನನ್ನು ಪಟ್ಟನೆ ತೆಗೆದಿದ್ದೇನೋ ನಾನು.

ಮೂರೂ ಐವತ್ತೈದಕ್ಕೆ ಡಬ್ಬಿಗೆ ಹೇಳಿದೆ, "ತಂಗಿಗೆ ಫೋನ್ ಮಾಡು."

ಎರಡನೇ ರಿಂಗಿಗೇ ಎತ್ತಿದಳು. ಹಿಂದೆ ಲಾಂಡ್ರಿಯ ಇಸ್ತ್ರಿ ಯಂತ್ರ ಉಸ್ಸೆನ್ನುತ್ತಿತ್ತು. "ಅಕ್ಕಾ? ಏನಾಯ್ತು? ಬಿದ್ದ್ಯಾ? ಯಾರೂ ಇಲ್ವಾ ಹತ್ರ?"

ಏನೂ ಆಗಿಲ್ಲ, ಸುಮ್ಮನೆ ಮಾಡಿದೆ ಎನ್ನಬೇಕಿತ್ತು. ಸುಮ್ಮನೆ ಎಂಬ ಮಾತು ನನ್ನ ಬಾಯಿಗೆ ಅಭ್ಯಾಸವಿಲ್ಲ.

"ಟೆಸ್ಟಿಂಗ್," ಎಂದೆ.

ಇಸ್ತ್ರಿ ಯಂತ್ರ ಎರಡು ಸಲ ಉಸ್ಸೆಂದಿತು. ತಂಗಿ ಮೂಗೆಳೆದುಕೊಂಡದ್ದು ಕೇಳಿಸಿತು.

"ಕೇಳಿಸ್ತಿದೆ ಅಕ್ಕ," ಎಂದಳು. "ಚೆನ್ನಾಗಿ ಕೇಳಿಸ್ತಿದೆ."

ಅಕ್ಕತಂಗಿಯರು ನಾವು, ಭಾನುವಾರ ಬಿಟ್ಟು ಬೇರೆ ದಿನ ಫೋನಿನಲ್ಲಿ ಮಾತಾಡಿ ಗೊತ್ತಿಲ್ಲ. ಅಷ್ಟರಲ್ಲಿ ಅವಳ ಕೌಂಟರಿಗೆ ಯಾರೋ ಬಂದರು.

"ಗಿರಾಕಿ ಬಂದ್ರು. ಇಡ್ತೀನಿ..." ಎಂದವಳು ತಡೆದಳು. "ಬೇಡ, ಇಡಲ್ಲ. ನೀನೂ ಇಡ್ಬೇಡ. ಇಲ್ಲೇ ಕೌಂಟರ್ ಮೇಲೆ ಇಟ್ಟಿರ್ತೀನಿ, ಲೈನಲ್ಲೇ ಇರು."

ಫೋನು ಮರದ ಮೇಲೆ ಟಕ್ಕೆಂದಿತು. ಯಾರೋ ಒಬ್ಬ ಹೆಂಗಸು ಕೋಟಿನ ಕಲೆ ಹೋಗಿಲ್ಲ ಎಂದು ಜಗಳ ತೆಗೆದಳು. ಅದು ಹೋಗೋ ಕಲೆ ಅಲ್ಲ ಎಂದು ತಂಗಿ ಸಮಾಧಾನ ಹೇಳಿದಳು. ಇನ್ನೊಬ್ಬರು ರಸೀದಿ ಕಳೆದುಕೊಂಡು ಬಂದರು. ನಾಲ್ಕು ಗಂಟೆಗೆ ಹಸಿರು ದೀಪ ಹತ್ತಿ ಆರಿತು, ನಾನು ಅದರ ಕಡೆ ನೋಡಲಿಲ್ಲ. ಇಪ್ಪತ್ತೈದು ವರ್ಷ ಮುರಿಯದ ನಿಯಮವನ್ನು ಮುರಿದು, ಕುರ್ಚಿಯನ್ನು ಡಬ್ಬಿಯ ಹತ್ತಿರಕ್ಕೆ ತಂದು, ಗುರುತಿಲ್ಲದವರ ಮಾತನ್ನು ಕಿವಿಗೊಟ್ಟು ಕೇಳಿದೆ. ಕೋಟಿನವಳು ಇನ್ನೂ ಹೋಗಿರಲಿಲ್ಲ. ಇನ್ನೊಂದಿಷ್ಟು ಜಗಳವಾಡಲಿ ಎಂದುಕೊಂಡೆ.